ಸೋಮವಾರ ಮತ್ತು ಗುರುವಾರದ ಅಮೋನಿಯಾ

ನಮ್ಮ ಮನೆತನದಲ್ಲಿ ಕಳೆದ ಮೂರು ತಲೆಮಾರುಗಳಿಂದ ಯಾರನ್ನೂ ಯಾರೂ ಕೊಳಕರು ಎಂದು ಕರೆದಿಲ್ಲ. ಇದು ಹೆಮ್ಮೆಯ ಮಾತಲ್ಲ, ದಾಖಲೆಯ ಮಾತು. ನನ್ನ ಅಜ್ಜ ನಗರಸಭೆಯ ಕುಡಿಯುವ ನೀರಿನ ತೊಟ್ಟಿಗಳ ತನಿಖಾಧಿಕಾರಿಯಾಗಿದ್ದರು. ಒಮ್ಮೆ ನಗರಸಭೆಯ ಅಧ್ಯಕ್ಷರು ತೊಟ್ಟಿಯ ಕಟ್ಟೆಯ ಮೇಲೆ ಬೂಟುಗಾಲಿಟ್ಟರೆಂದು ಅವರನ್ನು ಕೆಳಗಿಳಿಸಿ, ತೊಟ್ಟಿಯ ನೀರನ್ನೆಲ್ಲ ಚರಂಡಿಗೆ ಬಿಡಿಸಿದರು. ಮೂರು ದಿನ ಊರಿಗೆ ನೀರಿರಲಿಲ್ಲ. ಜನ ಅಜ್ಜನನ್ನು ಏನೇನೋ ಅಂದರು, ಆದರೆ ಕೊಳಕ ಅನ್ನಲಿಲ್ಲ. ನನ್ನ ತಾಯಿ ದೊಡ್ಡಾಸ್ಪತ್ರೆಯ ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಮೂವತ್ತೊಂದು ವರ್ಷ ಮೇಟ್ರನ್ ಆಗಿದ್ದರು. ಅವರ ಕಾಲದಲ್ಲಿ ಒಂದು ಹೊಲಿಗೆಯೂ ಕೀವುಗಟ್ಟಲಿಲ್ಲ. ನನ್ನನ್ನೂ ತಂಗಿಯನ್ನೂ ಕಾನ್ವೆಂಟಿನ ಹಾಸ್ಟೆಲಿಗೆ ಸೇರಿಸಿದರು. ಅಲ್ಲಿ ಪ್ರತಿ ಶನಿವಾರ ಸಿಸ್ಟರ್ ಬಂದು ನಮ್ಮ ನಮ್ಮ ಕಿಟಕಿಯ ಅಂಚಿಗೆ ನಮ್ಮದೇ ಕರವಸ್ತ್ರವನ್ನು ಎಳೆದು ನೋಡುತ್ತಿದ್ದರು. ನನ್ನ ಕರವಸ್ತ್ರ ಏಳು ವರ್ಷವೂ ಬಿಳಿಯಾಗಿಯೇ ವಾಪಸು ಬಂತು. ತಂಗಿಯದು ಎರಡು ಸಲ ಬೂದಿ ಬಣ್ಣವಾಗಿತ್ತು. ಆ ವಿಷಯವನ್ನು ನಾವು ಮನೆಯಲ್ಲಿ ಎತ್ತುವುದಿಲ್ಲ.

ಈಗ ಆ ತಂಗಿಯ ಮಗಳ ಕೈ ಕೊಳಕು ಎಂದು ಒಂದು ಸಂಸ್ಥೆ ಬರವಣಿಗೆಯಲ್ಲಿ ಹೇಳಿದೆ. ನಡೆದದ್ದನ್ನು ನಡೆದ ಹಾಗೆ ಬರೆಯುವುದು ನನ್ನ ಕರ್ತವ್ಯ.

ಸಂಸ್ಥೆಯ ಹೆಸರು ಹಸಿರು ಅಮೋನಿಯಾ ಸಂಶೋಧನಾ ಕೇಂದ್ರ. ಇಪ್ಪತ್ತಾರು ವರ್ಷಗಳಿಂದ ನಾನು ಅಲ್ಲಿ ಶುಚಿತ್ವ ವಿಭಾಗದ ಮೇಲ್ವಿಚಾರಕಿ. ವಿಜ್ಞಾನ ನನ್ನ ವಿಷಯವಲ್ಲ. ಆದರೆ ವಿಜ್ಞಾನಿಗಳ ಕಾಲಡಿಯ ನೆಲವನ್ನು ಇಷ್ಟು ವರ್ಷ ಒರೆಸಿದವಳಿಗೆ ಅವರು ಏನು ಮಾಡುತ್ತಿದ್ದಾರೆಂದು ತಿಳಿಯದೆ ಇರುವುದಿಲ್ಲ. ಗೊಬ್ಬರಕ್ಕೆ ಅಮೋನಿಯಾ ಬೇಕು. ಈಗ ಅದನ್ನು ದೊಡ್ಡ ಕಾರ್ಖಾನೆಗಳಲ್ಲಿ ಭಾರೀ ಬಿಸಿ, ಭಾರೀ ಒತ್ತಡದಲ್ಲಿ ಮಾಡುತ್ತಾರೆ. ಹೊಗೆ ಆಕಾಶಕ್ಕೆ ಹೋಗುತ್ತದೆ. ನಮ್ಮ ಕೇಂದ್ರದ ಗುರಿ ಅದನ್ನು ಗಾಳಿಯ ಸಾರಜನಕ ಮತ್ತು ಬರೀ ನೀರಿನಿಂದ, ಬಿಸಿಲಿನ ವಿದ್ಯುತ್ತು ಹಾಯಿಸಿ, ಹೊಗೆಯಿಲ್ಲದೆ ಕೋಣೆಯ ತಂಪಿನಲ್ಲೇ ಮಾಡುವುದು. ಗುರಿ ಒಳ್ಳೆಯದೇ. ಆದರೆ ಸಾರಜನಕ ಹಟಮಾರಿ. ಅದರ ಜೋಡಿ ಪರಮಾಣುಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡು ಯಾರ ಮಾತಿಗೂ ಬಿಡುವುದಿಲ್ಲ. ಬಿಡಿಸಲು ನಡುವೆ ಒಂದು ಲೋಹ ಬೇಕು. ತಾನು ಸವೆಯದೆ ಕೆಲಸವನ್ನು ನಡೆಸಿಕೊಡುವ ಲೋಹ. ಅದಕ್ಕೆ ಕ್ರಿಯಾವರ್ಧಕ ಎನ್ನುತ್ತಾರೆ.

"ತಾನು ಸವೆಯದೆ ಬೇರೆಯವರ ಹತ್ರ ಕೆಲಸ ಮಾಡಿಸೋದು ಅಂದ್ರೆ ನಮ್ಮ ನಿರ್ದೇಶಕರ ಹಾಗೆ ಅಲ್ವಾ ಮೇಡಂ?" ಎಂದು ಬಕೆಟ್ಟಮ್ಮ ಕೇಳಿದ್ದಳು. ಬಕೆಟ್ಟಮ್ಮ ನನ್ನ ವಿಭಾಗದ ಹಿರಿಯ ಕೆಲಸದಾಕೆ. ಬಾಯಿ ಜಾಸ್ತಿ, ಆದರೆ ಮೂಲೆ ಬಿಡುವವಳಲ್ಲ.

ನಾಲ್ಕು ವರ್ಷಗಳಲ್ಲಿ ಕಬ್ಬಿಣ, ತಾಮ್ರ, ಬಿಸ್ಮತ್, ರುಥೇನಿಯಂ ಎಂದು ಹದಿಮೂರು ತಗಡುಗಳನ್ನು ಪರೀಕ್ಷಿಸಿದರು. ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡ ಹಾಗಾಯಿತು. ಪರೀಕ್ಷೆ ಸರಳ. ಗಾಜಿನ ಪಾತ್ರೆಯಿಂದ ಬಂದ ದ್ರವವನ್ನು ಸಣ್ಣ ಸೀಸೆಗೆ ಹಾಕಿ, ಅದಕ್ಕೆ ಔಷಧಿ ಬೆರೆಸಿ ಕಾಯುತ್ತಾರೆ. ಅಮೋನಿಯಾ ಇದ್ದರೆ ನೀಲಿ ಬಣ್ಣ ಬರುತ್ತದೆ. ಪ್ರಯೋಗಾಲಯದ ಮುಖ್ಯಸ್ಥರು ಆ ನೀಲಿಗಾಗಿ ಕಣ್ಣು ಕಿರಿದು ಮಾಡಿ ಕಾಯುತ್ತಲೇ ಇದ್ದದ್ದರಿಂದ ಅವರನ್ನು ಎಲ್ಲರೂ ನೀಲಿ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ನನ್ನ ತಂಗಿಯ ಮಗಳು ಅವರ ಕೈಕೆಳಗೆ ಮೂರು ವರ್ಷಗಳಿಂದ ಸಂಶೋಧನಾ ವಿದ್ಯಾರ್ಥಿನಿ. ಪ್ರಬಂಧ ಒಪ್ಪಿಸಿ ಪದವಿ ಪಡೆಯಲು ಇನ್ನೊಂದೇ ವರ್ಷವಿತ್ತು. ಮನೆಯಲ್ಲಿ ನಾನು ಅವಳಿಗೆ ದೊಡ್ಡಮ್ಮ, ಕೇಂದ್ರದಲ್ಲಿ ಮೇಡಂ. ಇದನ್ನು ಮೊದಲ ದಿನವೇ ಸ್ಪಷ್ಟಪಡಿಸಿದ್ದೆ.

ಕಬ್ಬಿಣ ಮತ್ತು ಮಾಲಿಬ್ಡಿನಂ ಬೆರೆಸಿದ ಹದಿನಾಲ್ಕನೇ ತಗಡನ್ನು ಅವಳೇ ಮಾಡಿದಳು. ಅದೇ ಹೊತ್ತಿಗೆ ಪ್ರಯೋಗಾಲಯವನ್ನು ಮೇಲಿನ ಮಹಡಿಯಿಂದ ಕೆಳಗಿನ ಕೋಣೆಗೆ ತಂದರು. ಮೇಲಿನ ನೆಲ ಮರದ್ದು, ಅದನ್ನು ಒಣಬಟ್ಟೆಯಲ್ಲಿ ಒರೆಸುತ್ತೇವೆ. ಕೆಳಗಿನದು ಬಿಳಿ ಟೈಲ್ಸ್, ಅದಕ್ಕೆ ನೀರು ಬೇಕು.

ಹೊಸ ಕೋಣೆಯಲ್ಲಿ ಮೊದಲ ಸೋಮವಾರವೇ ಸೀಸೆ ನೀಲಿಯಾಯಿತು. ನೀಲಿ ಮೇಷ್ಟ್ರು ಗೋಡೆಗೆ ತಲೆಯಾನಿಸಿ ಅತ್ತರು. ಗೋಡೆಯ ಮೇಲೆ ಎಣ್ಣೆಯ ಗುರುತು ಉಳಿಯಿತು, ನಾನೇ ಒರೆಸಿದೆ. ಮಂಗಳವಾರ ನೀಲಿ ಬರಲಿಲ್ಲ. ಬುಧವಾರವೂ ಇಲ್ಲ. ಗುರುವಾರ ಮತ್ತೆ ಬಂತು. ಐದು ವಾರ ಹೀಗೇ ನಡೆದ ಮೇಲೆ ನಿರ್ದೇಶಕರು ಸೂಚನಾ ಫಲಕದಲ್ಲಿ ಪ್ರಕಟಣೆ ಹಾಕಿಸಿದರು:

"ಹದಿನಾಲ್ಕನೇ ತಗಡು ಸೋಮವಾರ ಹಾಗೂ ಗುರುವಾರಗಳಂದು ಮಾತ್ರ ಕಾರ್ಯನಿರ್ವಹಿಸುತ್ತದೆ ಎಂದು ಈ ಮೂಲಕ ತಿಳಿಯಪಡಿಸಲಾಗಿದೆ. ಉಳಿದ ದಿನಗಳಲ್ಲಿ ಅದು ವಿಶ್ರಾಂತಿಯಲ್ಲಿರುವುದರಿಂದ ಸಿಬ್ಬಂದಿ ವರ್ಗದವರು ಅದರ ಸಮೀಪ ಏರುದನಿಯಲ್ಲಿ ಮಾತನಾಡತಕ್ಕದ್ದಲ್ಲ."

ಲೋಹದ ವಿಶ್ರಾಂತಿಯನ್ನು ಅಧ್ಯಯನ ಮಾಡಲು ಮೂವರ ಸಮಿತಿಯಾಯಿತು. ಅಷ್ಟರಲ್ಲಿ ಒಂದು ಗುರುವಾರ ಸಾರ್ವಜನಿಕ ರಜೆ ಬಂತು. ತಂಗಿಯ ಮಗಳು ಅವತ್ತೂ ಒಬ್ಬಳೇ ಬಂದು ಪ್ರಯೋಗ ಮಾಡಿದಳು, ನೀಲಿ ಬರಲಿಲ್ಲ. "ತಗಡು ಸರ್ಕಾರಿ ರಜೆಗಳನ್ನೂ ಪಾಲಿಸುತ್ತಿರುವುದು ಸಂತೋಷದ ಸಂಗತಿ" ಎಂದು ಸಮಿತಿ ದಾಖಲಿಸಿತು.

ಅವಳಿಗೆ ಸಂತೋಷವಾಗಲಿಲ್ಲ. ಮುಂದಿನ ಸೋಮವಾರ ಸಾರಜನಕದ ಸಿಲಿಂಡರು ಬಿಚ್ಚಿ ಆರ್ಗಾನ್ ಎಂಬ ಬೇರೆ ಅನಿಲ ಜೋಡಿಸಿದಳು. ಆರ್ಗಾನಿನಲ್ಲಿ ಸಾರಜನಕವೇ ಇಲ್ಲ, ಆದ್ದರಿಂದ ಅಮೋನಿಯಾ ಹುಟ್ಟುವ ಹಾಗಿಲ್ಲ. ಹುಟ್ಟಿತು. ತಗಡನ್ನೇ ತೆಗೆದಿಟ್ಟಳು. ಆಗಲೂ ನೀಲಿ. ಕೊನೆಗೆ ವಿದ್ಯುತ್ತಿನ ಸ್ವಿಚ್ಚನ್ನೂ ಆರಿಸಿ, ಸೀಸೆಯ ಮುಚ್ಚಳ ತೆಗೆದು ಸುಮ್ಮನೆ ಮೇಜಿನ ಮೇಲಿಟ್ಟಳು. ಸಿಲಿಂಡರಿಲ್ಲ, ಲೋಹ ಇಲ್ಲ, ವಿದ್ಯುತ್ತಿಲ್ಲ. ಅದು ಎಲ್ಲಕ್ಕಿಂತ ಚೆನ್ನಾಗಿ ನೀಲಿಯಾಯಿತು.

ಆಮೇಲೆ ನನ್ನ ಕೋಣೆಗೆ ಬಂದಳು. ಅಲ್ಲಿ ನೆಲ ಒರೆಸುವ ಬಟ್ಟೆಗಳನ್ನು ಸಂಖ್ಯೆಯ ಪ್ರಕಾರ ಮೊಳೆಗೆ ತೂಗು ಹಾಕಿರುತ್ತೇನೆ.

"ಮೇಡಂ, ನೆಲ ಒರೆಸೋ ನೀರಿಗೆ ಏನು ಹಾಕ್ತೀರಿ?"

"ಯಾಕೆ, ನೆಲ ಸರಿಯಾಗಿಲ್ವಾ?"

"ನೆಲ ಕನ್ನಡಿ ಹಾಗಿದೆ. ಅದೇ ನನ್ನ ಭಯ."

ಬಾಟಲಿ ತೋರಿಸಿದೆ. ಒಂದು ಬಕೆಟ್ಟಿಗೆ ಎರಡು ಮುಚ್ಚಳ, ಅದು ನನ್ನ ತಾಯಿಯ ಕಾಲದ ಅಳತೆ. ಅವಳು ಬಾಟಲಿಯನ್ನು ತಿರುಗಿಸಿ ಹಿಂದಿನ ಚೀಟಿ ಓದಿದಳು. ಓದಿ, ಬೋರಲು ಹಾಕಿದ್ದ ಬಕೆಟ್ಟಿನ ಮೇಲೆ ಕೂತುಬಿಟ್ಟಳು. ಚೀಟಿಯ ಮೊದಲ ಪದವೇ ಅಮೋನಿಯಾ.

"ಯಾವ ದಿನ ಒರೆಸ್ತೀರಿ?"

"ಸೋಮವಾರ, ಗುರುವಾರ. ಬೆಳಗ್ಗೆ ಏಳಕ್ಕೆ. ರಜಾ ದಿನ ಇಲ್ಲ."

"ಕಿಟಕಿ ತೆಗೆದಿರ್ತೀರಾ?"

"ತೆಗೆದರೆ ಧೂಳು ಬರಲ್ವಾ?"

"ದೊಡ್ಡಮ್ಮಾ," ಎಂದಳು. ಕೇಂದ್ರದ ಆವರಣದಲ್ಲಿ ಅವಳು ಹಾಗೆ ಕರೆದದ್ದು ಅದೇ ಮೊದಲು. ತಿದ್ದಲು ಬಾಯಿ ತೆರೆದವಳು ಅವಳ ಮುಖ ನೋಡಿ ಸುಮ್ಮನಾದೆ.

ಬಾಗಿಲಲ್ಲಿ ನಿಂತಿದ್ದ ಬಕೆಟ್ಟಮ್ಮ ಸುಮ್ಮನಿರಲಿಲ್ಲ. "ಅಯ್ಯೋ, ಇವರು ಲೋಕವೆಲ್ಲ ಹುಡುಕ್ತಾ ಇದ್ದಿದ್ದು ನನ್ನ ಬಕೆಟ್ಟಲ್ಲೇ ಇತ್ತಾ! ಮೊದಲೇ ಕೇಳಿದ್ರೆ ಒಂದು ಚೊಂಬು ಕೊಡ್ತಿದ್ದೆ."

ತಂಗಿಯ ಮಗಳು ಎರಡು ಪುಟದ ಟಿಪ್ಪಣಿ ಬರೆದಳು. ಹದಿನಾಲ್ಕನೇ ತಗಡು ಅಮೋನಿಯಾ ಮಾಡುವುದಿಲ್ಲ. ನೆಲದಿಂದ ಏಳುವ ಆವಿ ಸೀಸೆಗೆ ಸೇರುತ್ತಿದೆ. ನೆಲ ಒರೆಸುವ ದ್ರಾವಣ ಬದಲಿಸಿ, ಪ್ರಯೋಗವನ್ನು ಮೊದಲಿನಿಂದ ಮಾಡೋಣ. ಅಕ್ಷರ ದುಂಡಗಿತ್ತು, ಒಂದೂ ಹೊಡೆದುಹಾಕಿದ ಪದವಿರಲಿಲ್ಲ. ನೀಲಿ ಮೇಷ್ಟ್ರು ಅದನ್ನು ಎರಡು ಸಲ ಓದಿದರು.

"ಇದನ್ನ ಯಾರಿಗಾದ್ರೂ ತೋರಿಸಿದ್ಯಾಮ್ಮ?"

"ಇನ್ನೂ ಇಲ್ಲ ಸರ್."

"ಒಳ್ಳೇದು. ಪ್ರಯೋಗ ಎಲ್ಲಾ ಸರಿಯಾಗಿದೆ. ಒಂದೇ ಒಂದು ತಪ್ಪು ಅಂದ್ರೆ ಕೊನೇಲಿ ಬರೆದಿರೋ ನಿರ್ಣಯ."

ವಿಷಯ ನಿರ್ದೇಶಕರ ಕೋಣೆಗೆ ಹೋಯಿತು. ನೆಲದ ಪ್ರಸ್ತಾಪವಿದ್ದದ್ದರಿಂದ ನನ್ನನ್ನೂ ಕರೆಸಿದರು. ನಿರ್ದೇಶಕರು ಸೌಮ್ಯ ಮನುಷ್ಯರು, ಯಾರ ಮೇಲೂ ಕೂಗಾಡಿದ್ದನ್ನು ನಾನು ಕಂಡಿಲ್ಲ. ಮುಂದಿನ ತಿಂಗಳು ಮೇಲಿನಿಂದ ಪರಿಶೀಲನಾ ಸಮಿತಿ ಬರಲಿದೆ ಎಂದು ಎಲ್ಲರಿಗೂ ನೆನಪಿಸಿದರು. ನಂತರ ಹೇಳಿದರು:

"ಸೋಮವಾರ ಬೆಳಗ್ಗೆ ಹತ್ತು ಗಂಟೆಗೆ, ತಗಡು ಇಟ್ಟಾಗ ಬಂದ ಅಮೋನಿಯಾ ನಮ್ಮ ಸಾಧನೆ. ಇದರಲ್ಲಿ ಯಾರಿಗೂ ತಕರಾರಿಲ್ಲ ಅಂದ್ಕೊಂಡಿದೀನಿ."

"ಹನ್ನೊಂದಕ್ಕೆ ತಗಡಿಲ್ಲದೆ ಬಂದದ್ದು?" ಎಂದು ನಾನು ಕೇಳಿದೆ.

"ಅದು ಹುಡುಗಿಯ ಕೈ. ಕೈ ಸರಿಯಾಗಿ ತೊಳೆದುಕೊಂಡಿರಲ್ಲ. ಬೆವರಲ್ಲೂ ಅಮೋನಿಯಾ ಇರುತ್ತೆ, ಇದು ವಿಜ್ಞಾನ ಮೇಡಂ."

"ಸರ್, ಎರಡು ಸಲವೂ ನನ್ನದೇ ಕೈ," ಎಂದಳು ಅವಳು.

"ಹೌದಮ್ಮ. ಆದ್ರೆ ಮೊದಲನೇ ಸಲ ನೀನು ಮಾಡಿದ್ದು ಕೇಂದ್ರದ ಪರವಾಗಿ. ಎರಡನೇ ಸಲ ನಿನ್ನ ಸ್ವಂತ ಕುತೂಹಲಕ್ಕೆ."

ನೀಲಿ ಮೇಷ್ಟ್ರು ತಮ್ಮ ಎರಡೂ ಕೈಗಳನ್ನು ಜೇಬಿನೊಳಗೆ ಇಟ್ಟುಕೊಂಡರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ನಾನು ಬಹಳ ಕಂಡಿದ್ದೇನೆ.

ಅವತ್ತೇ ಆದೇಶ ಹೊರಟಿತು. ಕೈಶುಚಿತ್ವ ಪ್ರಮಾಣಪತ್ರ ಒದಗಿಸುವವರೆಗೆ ವಿದ್ಯಾರ್ಥಿನಿ ಪ್ರಯೋಗಾಲಯಕ್ಕೆ ಬರತಕ್ಕದ್ದಲ್ಲ, ಪ್ರಬಂಧವನ್ನು ಒಪ್ಪಿಸತಕ್ಕದ್ದಲ್ಲ. ಅಲ್ಲಿಯವರೆಗೆ ಉಗ್ರಾಣದಲ್ಲಿ ಸೀಸೆಗಳಿಗೆ ಚೀಟಿ ಅಂಟಿಸುವುದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು. ಮೂರು ವರ್ಷದ ಓದು ಹತ್ತು ಬೆರಳಿನ ಮೇಲೆ ನಿಂತಿತು.

ಪ್ರಮಾಣಪತ್ರ ಕೊಡುವ ಅಧಿಕಾರ ಯಾರದು ಎಂದು ನಿಯಮಾವಳಿ ತೆಗೆಸಿ ನೋಡಿದೆ. ಶುಚಿತ್ವ ವಿಭಾಗದ ಮೇಲ್ವಿಚಾರಕಿಯದು. ನಾನು ಅವಳ ಕೈಗಳನ್ನು ಬಿಸಿಲಿನಲ್ಲಿ ಹಿಡಿದು, ಉಗುರಿನ ಸಂದುಗಳನ್ನು ಭೂತಗನ್ನಡಿಯಲ್ಲಿ ನೋಡಿ, ಎಡಗೈ ಕಿರುಬೆರಳಿನಲ್ಲಿ ಒಂದು ಶಾಯಿಯ ಚುಕ್ಕೆ ಕಂಡು, ತೊಳೆಸಿ, ಮತ್ತೆ ನೋಡಿ, ಸಹಿ ಹಾಕಿದೆ. ರಕ್ತಸಂಬಂಧಿಗಳು ನೀಡಿದ ಪ್ರಮಾಣಪತ್ರ ಅಸಿಂಧು ಎಂದು ವಾಪಸು ಬಂತು. ಅಂಥ ಸಂದರ್ಭದಲ್ಲಿ ಮೇಲ್ವಿಚಾರಕಿಗಿಂತ ಮೇಲಿನ ಶುಚಿತ್ವಾಧಿಕಾರಿ ಸಹಿ ಹಾಕಬೇಕು. ಅಂಥ ಹುದ್ದೆ ಕೇಂದ್ರದಲ್ಲಿಲ್ಲ. ಹುದ್ದೆ ಸೃಷ್ಟಿಸಬೇಕೆಂದು ಅರ್ಜಿ ಕೊಟ್ಟೆ. ಅರ್ಜಿಯನ್ನು ಯಾರು ಸ್ವೀಕರಿಸಬೇಕೆಂಬುದನ್ನು ಆ ಅಧಿಕಾರಿಯೇ ತೀರ್ಮಾನಿಸತಕ್ಕದ್ದು ಎಂದು ಉತ್ತರ ಬಂತು.

ಹಾಗಾದರೆ ಆಗಲಿ ಎಂದು ನಾನು ಎರಡು ವಾರ ಆ ಕೋಣೆಯನ್ನು ಬರೀ ಬಿಸಿನೀರಿನಲ್ಲಿ ಒರೆಸಿಸಿದೆ. ಬಕೆಟ್ಟಮ್ಮನ ಸೊಂಟ ಹಿಡಿಯಿತು, ನೆಲ ಮಾತ್ರ ಮೊದಲಿನಷ್ಟೇ ಹೊಳೆಯಿತು. ಸೋಮವಾರ ನೀಲಿ ಇಲ್ಲ, ಗುರುವಾರ ನೀಲಿ ಇಲ್ಲ. ಹುಡುಗಿಯ ಕೈಯೂ ಕೋಣೆಯಲ್ಲಿರಲಿಲ್ಲ, ತಗಡಿಗೂ ಯಾರೂ ತೊಂದರೆ ಕೊಟ್ಟಿರಲಿಲ್ಲ. ಮೂರನೇ ಸೋಮವಾರ ನನಗೆ ಮೆಮೊ ಬಂತು: "ಉತ್ಪಾದನೆಗೆ ಉದ್ದೇಶಪೂರ್ವಕ ಅಡ್ಡಿ."

ನಾನು ಲಿಖಿತವಾಗಿ ಕೇಳಿದೆ: ಅಮೋನಿಯಾ ಮಾಡುವುದು ತಗಡಾದರೆ ನನ್ನ ನೆಲ ಒರೆಸುವ ಬಟ್ಟೆ ಅಡ್ಡಿಯಾಗುವುದು ಹೇಗೆ?

ಉತ್ತರ ಮಧ್ಯಾಹ್ನವೇ ಬಂತು, ಆ ಕೇಂದ್ರದಲ್ಲಿ ಅಷ್ಟು ಬೇಗ ಯಾವುದಕ್ಕೂ ಬಂದದ್ದಿಲ್ಲ. "ಸದರಿ ಪ್ರಶ್ನೆಯು ನೀತಿಗೆ ಸಂಬಂಧಿಸಿದ್ದರಿಂದ ಉತ್ತರಿಸಲು ಅವಕಾಶವಿರುವುದಿಲ್ಲ. ಪರಿಶೀಲನಾ ಸಮಿತಿಯ ಭೇಟಿಯ ದಿನ ಬುಧವಾರವಾದ್ದರಿಂದ, ಅಂದು ಬೆಳಗ್ಗೆ ವಿಶೇಷವಾಗಿ ನೆಲ ಒರೆಸತಕ್ಕದ್ದು. ಬಕೆಟ್ಟೊಂದಕ್ಕೆ ಎರಡು ಮುಚ್ಚಳದ ಬದಲು ಆರು ಮುಚ್ಚಳ ಬಳಸತಕ್ಕದ್ದು."

ಆದೇಶ ಆದೇಶವೇ. ಆರು ಮುಚ್ಚಳ ಹಾಕಿಸಿದೆ. ಆದೇಶದ ಪ್ರತಿಯನ್ನು ನನ್ನ ಕೈಚೀಲದಲ್ಲಿಟ್ಟುಕೊಂಡೆ.

ಬುಧವಾರ ಸಮಿತಿಯ ನಾಲ್ವರೂ ಒಳಗೆ ಬಂದ ಕ್ಷಣವೇ ಅವರ ಕಣ್ಣಲ್ಲಿ ನೀರು ತುಂಬಿತು. ಐತಿಹಾಸಿಕ ಕ್ಷಣದಲ್ಲಿ ಭಾವುಕರಾಗುವುದು ಸಹಜ ಎಂದು ನಿರ್ದೇಶಕರು ತಾವೂ ಕಣ್ಣೊರೆಸಿಕೊಂಡರು. ನೀಲಿ ಮೇಷ್ಟ್ರು ಕೆಮ್ಮುತ್ತ ಸೀಸೆ ಎತ್ತಿ ಹಿಡಿದರು. ಅದು ನೀಲಿಯೂ ಅಲ್ಲ, ಹೆಚ್ಚುಕಡಿಮೆ ಕಪ್ಪು. ಬಕೆಟ್ಟಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಾಗಿಲ ಹಿಂದೆ ನಿಂತಿದ್ದಳು. ಎಲ್ಲರೂ ಚಪ್ಪಾಳೆ ತಟ್ಟಿದ ಮೇಲೆ ನಾನು ಮುಂದೆ ಬಂದೆ.

"ಕ್ಷಮಿಸಿ, ಇದು ನನ್ನ ನೆಲದ ಅಮೋನಿಯಾ," ಎಂದೆ.

ನಿರ್ದೇಶಕರು ಕಿಟಕಿಯ ಕಡೆ ತಿರುಗಿದರು. ಸಮಿತಿಯ ಅಧ್ಯಕ್ಷೆ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, "ವಿವರವಾಗಿ ಹೇಳಿ" ಎಂದರು.

ಹೇಳಿದೆ. ಬಾಟಲಿ ತೋರಿಸಿದೆ, ಆದೇಶ ತೋರಿಸಿದೆ, ತಂಗಿಯ ಮಗಳ ಎರಡು ಪುಟ ಓದಿದೆ. ಅಧ್ಯಕ್ಷೆ ಮಧ್ಯೆ ಬಾಯಿ ಹಾಕದೆ ಕೇಳಿದರು. ಅಂಥ ಶಿಸ್ತು ಈಗ ಅಪರೂಪ. ಕೊನೆಯಲ್ಲಿ ಒಂದು ಪ್ರಶ್ನೆ ಕೇಳಿದರು.

"ಒರೆಸೋದಕ್ಕೆ ವಿದ್ಯುತ್ತು ಎಷ್ಟು ಖರ್ಚಾಗುತ್ತೆ?"

"ವಿದ್ಯುತ್ತೇ ಇಲ್ಲ. ಕೈಯಲ್ಲಿ ಒರೆಸ್ತೀವಿ."

ಅವರು ಪಕ್ಕದವರ ಕಡೆ ತಿರುಗಿದರು. "ಕೇಳಿಸಿಕೊಂಡ್ರಾ? ಬೇರೆ ಕೇಂದ್ರಗಳವರು ಕಡಿಮೆ ವಿದ್ಯುತ್ತಲ್ಲಿ ಮಾಡೋಕೆ ಒದ್ದಾಡ್ತಿದ್ದಾರೆ. ಇವರು ವಿದ್ಯುತ್ತೇ ಇಲ್ಲದೆ ಮಾಡಿದ್ದಾರೆ."

"ಆದರೆ ಈ ಬಾಟಲಿಯ ಅಮೋನಿಯಾ ಹೊಗೆ ಉಗುಳುವ ಕಾರ್ಖಾನೆಯಿಂದಲೇ ಬರೋದು!"

"ನೀವು ಕಾರ್ಖಾನೆಯಿಂದ ತರ್ತೀರಾ?"

"ಇಲ್ಲ, ಅಂಗಡಿಯಿಂದ."

"ಅಂಗಡಿಯಲ್ಲಿ ಹೊಗೆ ಬರುತ್ತಾ?"

"ಇಲ್ಲ."

"ಹಾಗಾದ್ರೆ ಸರಿ. ಅಂಗಡಿಗಿಂತ ಹಿಂದಿನದು ನಮ್ಮ ವ್ಯಾಪ್ತಿಗೆ ಬರಲ್ಲ." ಅವರು ಪುಸ್ತಕದಲ್ಲಿ ಬರೆದುಕೊಂಡರು.

ನೀಲಿ ಮೇಷ್ಟ್ರು ಮೆಲ್ಲಗೆ ಕೇಳಿದರು, "ಮತ್ತೆ ತಗಡು, ಮೇಡಂ?"

"ತಗಡು ಇರಲೇಬೇಕು. ಯೋಜನೆಯ ಹೆಸರಲ್ಲೇ ಲೋಹ ಕ್ರಿಯಾವರ್ಧಕ ಅಂತಿದೆ. ಅದು ಅಲ್ಲೇ ಇರಲಿ, ತಾನು ಸವೆಯದೆ."

ನಾನು ಬಿಡಲಿಲ್ಲ. "ಹುಡುಗಿಯ ಟಿಪ್ಪಣಿ ನಿಜ ಅಂತ ಒಪ್ಪಿದ್ರಿ. ಹಾಗಾದರೆ ಅವಳ ಕೈ ಶುಚಿಯಾಗಿತ್ತು ಅಂತಲೂ ಬರೆಯಿರಿ."

"ಟಿಪ್ಪಣಿ ನಿಜ," ಎಂದು ಅಧ್ಯಕ್ಷೆ ಸಮಾಧಾನದಿಂದ ಹೇಳಿದರು. "ಆದ್ರೆ ಅದು ನಿಜ ಆಗಿದ್ದು ಇವತ್ತು, ನಾವು ಒಪ್ಪಿದ ಮೇಲೆ. ಆಕೆ ಬರೆದಾಗ ಇನ್ನೂ ಆಗಿರಲಿಲ್ಲ. ಆವತ್ತಿನ ಮಟ್ಟಿಗೆ ಕೈ ಕೊಳಕೇ."

ಆ ವರ್ಷದಿಂದ ನೆಲಾಧಾರಿತ ವಿಧಾನ ಜಾರಿಗೆ ಬಂತು. ಬೇರೆ ಹನ್ನೊಂದು ಕೇಂದ್ರಗಳವರು ಬಂದು ಬಕೆಟ್ಟಿನ ಎತ್ತರ, ಬಾಯಿಯ ಅಗಲ ಅಳತೆ ಮಾಡಿಕೊಂಡು ಹೋದರು. ಬಕೆಟ್ಟಮ್ಮ ಈಗ ಕ್ಷೇತ್ರ ತಂತ್ರಜ್ಞೆ. ಕುತ್ತಿಗೆಗೆ ಗುರುತಿನ ಚೀಟಿ ತೂಗುಹಾಕಿಕೊಂಡು, ಮೊದಲು ಒರೆಸುತ್ತಿದ್ದ ಹಾಗೆಯೇ ಒರೆಸುತ್ತಾಳೆ. ಮರದ ನೆಲವಿರುವ ಕೇಂದ್ರಗಳು ಟೈಲ್ಸ್ ಹಾಕಿಸಿಕೊಳ್ಳಲು ಒಂದು ವರ್ಷದ ಕಾಲಾವಕಾಶ ಪಡೆದಿವೆ. ಕಾರ್ಖಾನೆಗಳು ದ್ರಾವಣ ಸಾಲದೆಂದು ಎರಡು ಪಾಳಿಯ ಬದಲು ಮೂರು ಪಾಳಿ ಓಡುತ್ತಿವೆ. ಆ ಹೊಗೆಯನ್ನು ಹೋಗಲಾಡಿಸಲು ಬೇರೆ ಕೇಂದ್ರ ತೆರೆಯುತ್ತಾರಂತೆ. ಯಾರಿಗೂ ತಕರಾರಿಲ್ಲ. ನೀಲಿ ಮೇಷ್ಟ್ರಿಗೆ ಬಡ್ತಿ ಸಿಕ್ಕಿತು. ಈಗ ಅವರು ಸೀಸೆಯನ್ನು ನೋಡುವುದೇ ಇಲ್ಲ, ಮುಂಚಿತವಾಗಿಯೇ ನೀಲಿ ಎಂದು ಬರೆದುಬಿಡುತ್ತಾರೆ.

ತಂಗಿಯ ಮಗಳು ಇನ್ನೂ ಉಗ್ರಾಣದಲ್ಲಿದ್ದಾಳೆ. ನನ್ನದೇ ದ್ರಾವಣದ ಬಾಟಲಿಗಳು ಅವಳ ಮುಂದೆ ಸಾಲಾಗಿ ಬರುತ್ತವೆ, ಅವುಗಳಿಗೆ ಅವಳು "ಕ್ರಿಯಾವರ್ಧಕ" ಎಂಬ ಚೀಟಿ ಅಂಟಿಸುತ್ತಾಳೆ. ಅಂಟಿಸಿದ ಚೀಟಿ ಒಂದೂ ಸೊಟ್ಟಗಿಲ್ಲ. ಕಳೆದ ತಿಂಗಳು ವಾರ್ಷಿಕ ವರದಿ ಅಚ್ಚಾಗಿ ಬಂತು. ಮೂವತ್ತೆಂಟನೇ ಪುಟದಲ್ಲಿ ಹೀಗಿದೆ: "ಆರಂಭದಲ್ಲಿ ಕಂಡುಬಂದ ಗೊಂದಲಗಳಿಗೆ ಓರ್ವ ವಿದ್ಯಾರ್ಥಿನಿಯ ಅಶುಚಿ ಅಭ್ಯಾಸಗಳೇ ಕಾರಣ." ಈ ವಾಕ್ಯಕ್ಕೆ ಒಪ್ಪಿಗೆಯ ಸಹಿ ಹಾಕಿದರೆ ಪ್ರಬಂಧ ಸ್ವೀಕರಿಸಿ ಪದವಿ ಕೊಡುತ್ತಾರಂತೆ.

"ಹಾಕ್ಬಿಡ್ಲಿ ಬಿಡೇ ಅಕ್ಕ," ಎಂದಳು ತಂಗಿ ಫೋನಿನಲ್ಲಿ. "ಒಂದು ಸಾಲು. ಯಾರು ಓದ್ತಾರೆ? ಪದವಿ ಸಿಕ್ಕಿದ್ರೆ ಎಲ್ಲಾ ಮರೆತೋಗುತ್ತೆ."

"ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರಲ್ಲ," ಎಂದೆ.

"ನಿಂಗೆ ಮಾನ, ನಂಗೆ ಮಗಳು. ಅವಳಿಗೂ ವಯಸ್ಸಾಗ್ತಿದೆ. ನಿನ್ನ ನೆಲ ಒರೆಸೋ ಹುಚ್ಚಿಂದ ತಾನೇ ಇಷ್ಟೆಲ್ಲ ಆಗಿದ್ದು?"

ಫೋನು ಇಟ್ಟು ಉಗ್ರಾಣಕ್ಕೆ ಹೋದೆ. ಒಪ್ಪಿಗೆಯ ಹಾಳೆ ಅವಳ ಮೇಜಿನ ಮೇಲಿತ್ತು, ಪಕ್ಕದಲ್ಲಿ ಪೆನ್ನಿತ್ತು.

"ಹಾಕ್ತೀಯಾ?" ಎಂದೆ.

"ತಗಡು ಕೆಲಸ ಮಾಡಲ್ಲ ಅಂತ ಬರೆದ ಕೈ ಇದು ದೊಡ್ಡಮ್ಮ. ಇದೇ ಕೈಯಲ್ಲಿ ಹೇಗೆ ಹಾಕ್ಲಿ?" ಎಂದಳು. ಮುಂದಿನ ಬಾಟಲಿ ಎಳೆದುಕೊಂಡು ಚೀಟಿಗೆ ಅಂಟು ಸವರಿದಳು.

ಆದ್ದರಿಂದ ನಾನು ಇದನ್ನು ಬರೆದಿದ್ದೇನೆ. ತಗಡು ಅಮೋನಿಯಾ ಮಾಡಲಿ, ನೆಲ ಮಾಡಲಿ, ಅದು ಕೇಂದ್ರದ ವಿಚಾರ. ನಾನು ಒರೆಸುತ್ತೇನೆ, ಅವರು ಹೇಳಿದಷ್ಟು ಮುಚ್ಚಳ ಹಾಕುತ್ತೇನೆ. ಆದರೆ ಮೂವತ್ತೆಂಟನೇ ಪುಟದ ಆ ವಾಕ್ಯ ಸುಳ್ಳು. ನಿರ್ದೇಶಕರೂ ಪ್ರಯೋಗಾಲಯದ ಮುಖ್ಯಸ್ಥರೂ ಆ ಹುಡುಗಿಯ ಬಳಿ, ಲಿಖಿತವಾಗಿ, ಅದೇ ಗಾತ್ರದ ಅಕ್ಷರದಲ್ಲಿ, ಕ್ಷಮೆ ಕೇಳಬೇಕು.